ಹಿಮದ ರಸ್ತೆಯ ಉಪ್ಪು ಮತ್ತು ನಿಮ್ಮ ಕಾರು: ಕೆನಡಾಕ್ಕೆ ಹೊರಟವರಿಗೆ ಒಂದಿಷ್ಟು ಮಾಹಿತಿ

ಹಿಂದೆ ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ಹುಡುಗರು ವಿಮಾನ ಹತ್ತಿದರೆಂದರೆ ದುಬೈ, ದಮ್ಮಾಮ್, ದೋಹಾ ಎಂದೇ ಲೆಕ್ಕ. ಈಗ ಓದಲಿಕ್ಕೆ, ಕೆಲಸಕ್ಕೆ ಅಂತ ಕೆನಡಾದ ದಾರಿ ಹಿಡಿದವರೂ ಇದ್ದಾರೆ. ಅಲ್ಲಿ ಚಳಿಯಲ್ಲಿ ಬಸ್ಸಿಗೆ ಕಾದು ಸಾಕಾಗಿ ಒಂದು ಹಳೇ ಕಾರು ತೆಗೆದುಕೊಳ್ಳುವುದುಂಟು. ಗಲ್ಫ್‌ನಲ್ಲಿದ್ದ ಕಾಕನ ಹತ್ತಿರ ಸಲಹೆ ಕೇಳಿದರೆ ಎ.ಸಿ., ರೇಡಿಯೇಟರ್, ಬಿಸಿಲಿಗೆ ಒಡೆಯುವ ಟೈರ್ ಬಗ್ಗೆ ಹೇಳಿಯಾರು. ಕೆನಡಾದ ಸಮಸ್ಯೆಯೇ ಬೇರೆ. ಅಲ್ಲಿ ಕಾರನ್ನು ಅಡಿಯಿಂದ ತಿನ್ನುವುದು ರಸ್ತೆಗೆ ಸುರಿಯುವ ಉಪ್ಪು.

ರಸ್ತೆಗೆ ಉಪ್ಪು ಯಾಕೆ? ಶುದ್ಧ ನೀರು 0 ಡಿಗ್ರಿಗೆ ಮಂಜುಗಡ್ಡೆಯಾಗುತ್ತದೆ. ಉಪ್ಪು ಬೆರೆತರೆ ಅದಕ್ಕಿಂತ ಕೆಳಗಿನ ಚಳಿಯಲ್ಲೂ ನೀರಾಗಿಯೇ ಉಳಿಯುತ್ತದೆ. ನೂರರಲ್ಲಿ 23 ಪಾಲು ಉಪ್ಪಿದ್ದರೆ ಸುಮಾರು ಮೈನಸ್ 21 ಡಿಗ್ರಿಯವರೆಗೂ ಹೆಪ್ಪುಗಟ್ಟುವುದಿಲ್ಲ. ಆದರೆ ರಸ್ತೆಯ ಮೇಲೆ ಮೈನಸ್ 10ರಿಂದ ಕೆಳಗೆ ಅಡುಗೆ ಉಪ್ಪಿನ ಕೆಲಸ ತುಂಬ ನಿಧಾನ. ಹಾಗಾಗಿ ಕ್ಯಾಲ್ಸಿಯಂ ಕ್ಲೋರೈಡ್, ಮೆಗ್ನೀಷಿಯಂ ಕ್ಲೋರೈಡ್ ಕೂಡ ಬಳಸುತ್ತಾರೆ. ಒಂಟಾರಿಯೋದಲ್ಲಿ ಉಪ್ಪಿಗೇನೂ ಬರವಿಲ್ಲ. ಅಲ್ಲಿನ ಗೋಡ್‌ರಿಚ್ ಎಂಬ ಊರಿನಲ್ಲಿ ಹ್ಯೂರಾನ್ ಸರೋವರದ ಅಡಿಯಲ್ಲಿರುವ ಗಣಿ ಜಗತ್ತಿನಲ್ಲೇ ಅತಿ ದೊಡ್ಡ ನೆಲದಡಿಯ ಉಪ್ಪಿನ ಗಣಿ.

ಉಪ್ಪಿನ ಮಹಿಮೆ ಕಡಲ ತೀರದವರಿಗೆ ಹೊಸದಲ್ಲ. ಸಮುದ್ರದ ಬದಿಯ ಮನೆಯ ಕಿಟಕಿ ಸರಳು, ಗೇಟು, ಮೀನಿನ ಲಾರಿಯ ಅಡಿಭಾಗ ನೋಡಿದವರಿಗೆ ಗೊತ್ತು. ಕಬ್ಬಿಣ ತುಕ್ಕು ಹಿಡಿಯಲು ನೀರು ಮತ್ತು ಗಾಳಿ ಸಾಕು. ಅದಕ್ಕೆ ಉಪ್ಪು ಸೇರಿದರೆ ಆ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿದು, ತುಕ್ಕಿನ ವೇಗ ಹೆಚ್ಚುತ್ತದೆ. ನಮ್ಮಲ್ಲಿ ಉಪ್ಪು ಗಾಳಿಯಲ್ಲಿ ಬಂದು ಮೆಲ್ಲ ಕೂರುತ್ತದೆ. ಅಲ್ಲಿ ನಾಲ್ಕೂ ಚಕ್ರ ಉಪ್ಪುನೀರನ್ನು ನೇರವಾಗಿ ಚಾಸಿಸ್, ಬ್ರೇಕ್ ಪೈಪ್, ಬಾಗಿಲಿನ ಅಡಿಯ ಸಂದಿಗೆ ಎರಚುತ್ತದೆ. ಅದೂ ತಿಂಗಳುಗಟ್ಟಲೆ.

ಇಲ್ಲಿ ಒಂದು ವಿಚಿತ್ರ ಉಂಟು. ಹೊರಗೆ ಕೊರೆಯುವ ಚಳಿಯಲ್ಲಿ ನಿಂತ ಕಾರಿಗಿಂತ, ಬೆಚ್ಚಗಿನ ಗ್ಯಾರೇಜಿನಲ್ಲಿ ನಿಂತ ಕಾರಿಗೆ ತುಕ್ಕು ಬೇಗ ಹಿಡಿಯಬಹುದು. ಚಳಿಯಲ್ಲಿ ರಾಸಾಯನಿಕ ಕ್ರಿಯೆ ನಿಧಾನ. ಒಳಗೆ ತಂದಾಗ ಅಂಟಿದ ಹಿಮ ಕರಗಿ ಉಪ್ಪುನೀರು ಸಂದಿಗಿಳಿಯುತ್ತದೆ, ಮೇಲಿಂದ ಬಿಸಿಯೂ ಸಿಗುತ್ತದೆ. ಗ್ಯಾರೇಜ್ ಬೇಡ ಅಂತಲ್ಲ, ಉಪ್ಪು ತೊಳೆಯದೆ ಒಳಗೆ ಹಾಕಬೇಡಿ.

ತೊಳೆಯುವುದೆಂದರೆ ಬಾನೆಟ್ ಒರೆಸುವುದಲ್ಲ. ಕಾರ್ ವಾಶ್‌ಗಳಲ್ಲಿ ಅಡಿಭಾಗಕ್ಕೇ ನೀರು ಚಿಮ್ಮಿಸುವ ವ್ಯವಸ್ಥೆ ಇರುತ್ತದೆ, ಅದನ್ನೇ ಕೇಳಿ ಮಾಡಿಸಬೇಕು. ಹತ್ತು ಹದಿನೈದು ದಿನಕ್ಕೊಮ್ಮೆ, ಉಷ್ಣಾಂಶ ಸೊನ್ನೆಗಿಂತ ಮೇಲಿರುವ ದಿನ ನೋಡಿ ಹೋಗಿ. ಬಾಗಿಲಿನ ರಬ್ಬರ್ ಒರೆಸಿ ಸ್ವಲ್ಪ ಸಿಲಿಕೋನ್ ಸ್ಪ್ರೇ ಹೊಡೆಯಿರಿ, ಇಲ್ಲದಿದ್ದರೆ ಬೆಳಿಗ್ಗೆ ಬಾಗಿಲು ಅಂಟಿಕೊಂಡು ತೆರೆಯಲಾಗದು.

ಚಳಿಗಾಲ ಶುರುವಾಗುವ ಮೊದಲು ಅಡಿಭಾಗಕ್ಕೆ ತುಕ್ಕು ತಡೆಯುವ ಎಣ್ಣೆ ಸಿಂಪಡಿಸುವುದು ಅಲ್ಲಿ ರೂಢಿ. ಕ್ರೌನ್, ರಸ್ಟ್ ಚೆಕ್ ಮುಂತಾದ ಹೆಸರುಗಳು ಕೇಳಿಬರುತ್ತವೆ. ಎಣ್ಣೆ ಸಂದಿಯೊಳಗೆ ಹರಿದು ನೀರನ್ನು ಹೊರಗಿಡುತ್ತದೆ, ಆದರೆ ವರ್ಷವೂ ಮಾಡಿಸಬೇಕು. ಡಾಂಬರಿನ ಹಾಗೆ ಗಟ್ಟಿಯಾಗುವ ಕೋಟಿಂಗ್ ಬಿರುಕು ಬಿಟ್ಟರೆ ನೀರು ಅದರ ಹಿಂದೆಯೇ ಸಿಕ್ಕಿಕೊಂಡು, ಮೇಲೆ ಚೆಂದ ಒಳಗೆ ಪುಡಿ ಆಗುತ್ತದೆ. ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದನ್ನೂ ಮಾರುತ್ತಾರೆ. ವಿದ್ಯುತ್ತಿನಿಂದ ತುಕ್ಕು ತಡೆಯುವ ವಿದ್ಯೆ ಹಡಗಿಗೆ ಸರಿ. ಹಡಗು ನೀರಲ್ಲೇ ಮುಳುಗಿರುವುದರಿಂದ ಸರ್ಕ್ಯೂಟ್ ಪೂರ್ತಿಯಾಗುತ್ತದೆ. ಗಾಳಿಯಲ್ಲಿ ಓಡುವ ಕಾರಿಗೆ ಅದಕ್ಕೆ ದುಡ್ಡು ಹಾಕುವುದು ದಂಡ ಎಂಬುದೇ ನನ್ನ ಅಭಿಪ್ರಾಯ.

ನಾನು ಸಣ್ಣ ವ್ಯಾಪಾರಿ, ಓದಿದ್ದು ಬಿ.ಕಾಂ. ನನ್ನ ಲೆಕ್ಕದಲ್ಲಿ ಹೆಚ್ಚು ದುಡ್ಡು ಮುಳುಗುವುದು ಖರೀದಿಯ ದಿನವೇ. ಹಳೇ ಕಾರಿನ ಇಂಜಿನ್ ರಿಪೇರಿಯಾದೀತು, ಫ್ರೇಮ್ ತೂತಾದರೆ ಸವಕಳಿ ಲೆಕ್ಕವಿಲ್ಲ, ನೇರ ಗುಜರಿ. ಒಂಟಾರಿಯೋದಲ್ಲಿ ಖಾಸಗಿಯಾಗಿ ಕಾರು ಮಾರುವವರು ಸರಕಾರದ ಮಾಹಿತಿ ಪ್ಯಾಕೇಜ್ ಕೊಡಲೇಬೇಕು. ಅದರಲ್ಲಿ ಹಿಂದಿನ ಮಾಲಕರ, ಸಾಲದ ವಿವರ ಇರುತ್ತದೆ, ತುಕ್ಕಿನ ವಿವರ ಇರುವುದಿಲ್ಲ. ಆದ್ದರಿಂದ ನಿಮ್ಮದೇ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಎತ್ತಿಸಿ, ಅಡಿಯಿಂದ ನೋಡಿ. ಮಾರುವವನು ಇದಕ್ಕೆ ಒಪ್ಪದಿದ್ದರೆ ಬಿಟ್ಟುಬಿಡಿ, ಕಾರು ಬೇರೆ ಸಿಗುತ್ತದೆ. ಹೊಸದಾಗಿ ಬಳಿದ ಕಪ್ಪು ಬಣ್ಣ ಕಂಡರೆ ಇನ್ನೂ ಜಾಗ್ರತೆ. ಕಾರು ಮೊದಲು ಯಾವ ಪ್ರಾಂತ್ಯದಲ್ಲಿತ್ತು ಎಂದೂ ಕೇಳಿ.

ಬ್ರೇಕ್ ಪೈಪನ್ನು ಮಾತ್ರ ಯಾವತ್ತೂ ಮರೆಯಬಾರದು. ತುಕ್ಕು ತಿಂದ ಪೈಪ್ ಒಡೆಯುವುದು ಪೆಡಲ್ ಜೋರಾಗಿ ಒತ್ತಿದ ಹೊತ್ತಿಗೇ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ 2015ರಲ್ಲಿ, ಉಪ್ಪು ಬಳಸುವ ರಾಜ್ಯಗಳ ಹಳೇ ವಾಹನ ಮಾಲಕರಿಗೆ ಈ ಪೈಪ್ ಪರೀಕ್ಷಿಸಿಕೊಳ್ಳಿ, ಅಡಿಭಾಗ ತೊಳೆಯುತ್ತಿರಿ ಎಂದು ಎಚ್ಚರಿಕೆ ಕೊಟ್ಟಿತ್ತು. ಕಂಪೆನಿ ದೊಡ್ಡದೆಂದು ನಿಶ್ಚಿಂತೆಯೂ ಬೇಡ. ಟಕೋಮಾ, ಟುಂಡ್ರಾ ಗಾಡಿಗಳ ಫ್ರೇಮ್ ತುಕ್ಕಿನ ಮೊಕದ್ದಮೆಯಲ್ಲಿ ಟೊಯೋಟಾದಂಥ ಟೊಯೋಟಾವೇ 2016ರಲ್ಲಿ ಅಮೆರಿಕದಲ್ಲಿ ರಾಜಿಗೆ ಬಂದಿತ್ತು.

ಉಳಿದದ್ದು ಸಣ್ಣ ವಿಷಯಗಳು. ಬೂಟಿನಲ್ಲಿ ಉಪ್ಪು ಒಳಗೆ ಬರುತ್ತದೆ, ಹಾಗಾಗಿ ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ. ಹಿಮ ಕರಗಿಸಲು ಗಾಜಿಗೆ ಬಿಸಿನೀರು ಸುರಿಯಬೇಡಿ, ಗಾಜು ಸೀಳುತ್ತದೆ. ಇನ್ನೊಂದು ಸಣ್ಣದಲ್ಲ, ಜೀವದ ಪ್ರಶ್ನೆ: ರಾತ್ರಿ ಹಿಮ ಬಿದ್ದಿದ್ದರೆ ಸ್ಟಾರ್ಟ್ ಮಾಡುವ ಮೊದಲು ಹಿಂದೆ ಹೋಗಿ ಸೈಲೆನ್ಸರ್ ಬಾಯಿ ನೋಡಿ. ಅದು ಮುಚ್ಚಿದ್ದರೆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಕಾರಿನೊಳಗೆ ಬರಬಹುದು, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ.

ಏಪ್ರಿಲ್‌ನಲ್ಲಿ ಹಿಮ ನಿಂತ ಮೇಲೆ ಮತ್ತೊಮ್ಮೆ ಅಡಿಭಾಗ ಚೆನ್ನಾಗಿ ತೊಳೆಸಿ, ಕಾರ್ಪೆಟ್ ಎತ್ತಿ ಒಣಗಿಸಿ. ಸಂದಿಯಲ್ಲಿ ಉಳಿದ ಉಪ್ಪಿಗೆ ಬೇಸಿಗೆಯ ಬಿಸಿ ತಾಗಿದರೆ ತುಕ್ಕಿನ ಕೆಲಸ ಚಳಿಗಾಲಕ್ಕಿಂತಲೂ ಜೋರು.