ಕೊಂಡದ್ದೆಲ್ಲ ಲಾಭವೇ? ಒಂದು ವರ್ಷದ ಸಣ್ಣ ಖರೀದಿಗಳ ಲೆಕ್ಕ



ಸಂತೆಯಿಂದ ಬಂದ ದಿನ ಚೀಲದಲ್ಲಿ ಏನೇನಿದೆ ಎಂದು ಮನೆಯವರೆಲ್ಲರಿಗೂ ಗೊತ್ತಿರುತ್ತದೆ. ಆರು ತಿಂಗಳು ಕಳೆದ ಮೇಲೆ ಅದರಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಅಟ್ಟ ಸೇರಿತು ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಬೀಜ, ಗೊಬ್ಬರದ ಖರ್ಚನ್ನು ಬರೆದಿಡುವ ರೈತರು ಕೂಡ ಟಾರ್ಪಾಲು, ಕುಡುಗೋಲು, ಬ್ಯಾಟರಿ, ಚೀಲಗಳಂಥ ಸಣ್ಣಪುಟ್ಟ ಸಾಮಾನಿನ ಲೆಕ್ಕ ಇಡುವುದಿಲ್ಲ. ನೂರು, ಇನ್ನೂರು, ಸಾವಿರ ಎಂದು ಹೋದದ್ದು ಹೋದ ಹಾಗೆಯೇ.

ಕಳೆದ ಯುಗಾದಿಯಿಂದ ಈ ಯುಗಾದಿಯವರೆಗೆ ನಮ್ಮ ಮನೆಯಲ್ಲಿ ಕೊಂಡ ಇಂಥ ಸಾಮಾನುಗಳನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆವು. ಒಂದು ಕಡೆ ಕೊಟ್ಟ ಹಣ, ಇನ್ನೊಂದು ಕಡೆ ಬಳಸಿದ ದಿನಗಳು. ಹಣವನ್ನು ದಿನಗಳಿಂದ ಭಾಗಿಸಿದರೆ ಆ ಸಾಮಾನು ದಿನಕ್ಕೆ ಎಷ್ಟಕ್ಕೆ ಬಿತ್ತು ಎಂಬುದು ತಿಳಿಯುತ್ತದೆ. ನಮ್ಮದು ಹೆಚ್ಚಾಗಿ ಖುಷ್ಕಿ ಬೇಸಾಯ. ರಾಗಿ, ಅವರೆ, ಅಲಸಂದೆ, ಕೊಳವೆ ಬಾವಿಯ ಕೆಳಗೆ ಒಂದಿಷ್ಟು ತರಕಾರಿ. ನಮ್ಮ ಲೆಕ್ಕದಿಂದ ನಿಮಗೂ ಉಪಯೋಗವಾದೀತೆಂದು ಇಲ್ಲಿ ಬರೆದಿದ್ದೇನೆ. ಲಾಭದ ಜೊತೆಗೆ ಮೋಸ ಹೋದದ್ದನ್ನೂ ಮುಚ್ಚಿಟ್ಟಿಲ್ಲ.

ಟಾರ್ಪಾಲು: ತೂಕ ಮಾಡಿ ಕೊಳ್ಳಿ

2021ರ ನವೆಂಬರ್ ಮಳೆಯನ್ನು ದಕ್ಷಿಣದ ಜಿಲ್ಲೆಗಳ ರಾಗಿ ಬೆಳೆಗಾರರು ಮರೆತಿರಲಾರರು. ಕೊಯ್ದ ತೆನೆ ಹೊಲದಲ್ಲೇ ಮೊಳಕೆಯೊಡೆದ ವರ್ಷ ಅದು. ಆಗಿನಿಂದ ಕಣಕ್ಕೆ ಟಾರ್ಪಾಲು ಇಲ್ಲದೆ ಕೊಯ್ಲಿಗೆ ಇಳಿಯುವುದಿಲ್ಲವೆಂದು ನಿಶ್ಚಯಿಸಿದ್ದೇವೆ. ಕಳೆದ ವರ್ಷ 24 ಅಡಿ ಉದ್ದ, 18 ಅಡಿ ಅಗಲದ ಟಾರ್ಪಾಲೊಂದನ್ನು 1,500 ರೂಪಾಯಿಗೆ ತಂದೆವು. ‘250 ಜಿ.ಎಸ್.ಎಂ. ಮಾಲು, ಐದು ವರ್ಷ ಬರುತ್ತದೆ’ ಎಂದು ಅಂಗಡಿಯವರು ಹೇಳಿದರು. ರಾಗಿ ಒಕ್ಕಣೆಯ ಕಾಲಕ್ಕೆ ಅದು ಬಿಸಿಲಿಗೆ ಪುಡಿಯಾಗತೊಡಗಿತು. ಒಂದು ರಾತ್ರಿಯ ಮಳೆಗೆ ಸೂಜಿ ತೂತುಗಳಿಂದ ನೀರು ಇಳಿದು ನಾಲ್ಕು ಮೂಟೆ ರಾಗಿ ಕಪ್ಪಾಯಿತು.

ಆಮೇಲೆ ಅದನ್ನು ತಕ್ಕಡಿಗೆ ಹಾಕಿದೆವು. ಮೊದಲೇ ಮಾಡಬೇಕಾಗಿದ್ದ ಕೆಲಸ. ಜಿ.ಎಸ್.ಎಂ. ಎಂದರೆ ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಎಂದು ಅರ್ಥ. 24ಕ್ಕೆ 18 ಅಡಿ ಎಂದರೆ ಹೆಚ್ಚು ಕಡಿಮೆ 40 ಚದರ ಮೀಟರು. 250 ಜಿ.ಎಸ್.ಎಂ. ಮಾಲಾದರೆ ಅದು 10 ಕಿಲೋ ತೂಗಬೇಕು. ನಮ್ಮದು ತೂಗಿದ್ದು 5 ಕಿಲೋ. ಅಂದರೆ 125 ಜಿ.ಎಸ್.ಎಂ. ಮಾತ್ರ.

ಎರಡನೆಯದನ್ನು ಬೇರೆ ಅಂಗಡಿಯಲ್ಲಿ ತೂಕ ಮಾಡಿಸಿ, ಅಂಚು ಹೊಲಿದ ಮೇಲಿನ ಅಳತೆಯನ್ನು ಟೇಪು ಹಿಡಿದು ನೋಡಿ, 3,400 ರೂಪಾಯಿಗೆ ಕೊಂಡೆವು. ಮೊದಲನೆಯದು 20 ದಿನ ಬಳಕೆಯಾಯಿತು, ದಿನಕ್ಕೆ 75 ರೂಪಾಯಿ ಬಿತ್ತು. ಎರಡನೆಯದು ಈವರೆಗೆ 50 ದಿನ ಬಳಕೆಯಾಗಿದೆ, ದಿನಕ್ಕೆ 68 ರೂಪಾಯಿ. ಅದು ಇನ್ನೂ ಗಟ್ಟಿಯಾಗಿರುವುದರಿಂದ ಈ ಲೆಕ್ಕ ವರ್ಷ ವರ್ಷವೂ ಇಳಿಯುತ್ತದೆ. ಮೊದಲನೆಯದರ ಲೆಕ್ಕಕ್ಕೆ ನಾಲ್ಕು ಮೂಟೆ ರಾಗಿಯನ್ನೂ ಸೇರಿಸಬೇಕು. ಕೊಳ್ಳುವ ಮುನ್ನ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಟಾರ್ಪಾಲು ಇದೆಯೇ ಎಂದು ವಿಚಾರಿಸುವುದೂ ಒಳ್ಳೆಯದು. ಕೆಲಸ ಮುಗಿದ ಮೇಲೆ ಒಣಗಿಸಿ, ಮಡಿಸಿ, ನೆರಳಲ್ಲಿ ಇಡಿ.

ಗರಗಸ ಹಲ್ಲಿನ ಕುಡುಗೋಲು: ಸಂದೇಹವೇ ಬೇಡ

ಹಲ್ಲಿರುವ ಕುಡುಗೋಲು ಹೊಸದೇನಲ್ಲ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ರೂಪಿಸಿದ ‘ನವೀನ್’ ಕುಡುಗೋಲು ಈ ಬಗೆಯದು. ನಾವು ಕೊಂಡ ನಾಲ್ಕಕ್ಕೆ ಒಟ್ಟು 480 ರೂಪಾಯಿ ಆಯಿತು. ನಯವಾದ ಅಲಗಿನದನ್ನು ದಿನಕ್ಕೆ ಎರಡು ಮೂರು ಸಲ ಮಸೆಯಬೇಕು. ಹಲ್ಲಿನದಕ್ಕೆ ಆ ಕೆಲಸವಿಲ್ಲ. ಹಿಡಿದ ತೆನೆಯನ್ನು ಬೀಸಿ ಕಡಿಯುವ ಬದಲು ಎಳೆದು ಕೊಯ್ಯುವುದರಿಂದ ತೆನೆ ಉದುರುವುದು ಕಡಿಮೆ, ಮಣಿಕಟ್ಟಿಗೆ ನೋವೂ ಕಡಿಮೆ. ಕೊಯ್ಲಿಗೆ ಬಂದ ಹೆಂಗಸರು ಎರಡನೆಯ ದಿನ ತಮ್ಮ ಹಳೆಯ ಕುಡುಗೋಲನ್ನು ಬದಿಗಿಟ್ಟು ಇದನ್ನೇ ಕೇಳಿ ಪಡೆದರು. ಹಿಡಿ ಹಗುರವಾಗಿದೆಯೇ, ಕೈಗೆ ಹೊಂದುತ್ತದೆಯೇ ಎಂದು ಅವರ ಕೈಗೇ ಕೊಟ್ಟು ನೋಡಿ ಕೊಂಡರೆ ಇನ್ನೂ ಒಳ್ಳೆಯದು.

ಗಾಳಿಯಾಡದ ಚೀಲ: ಹಗೇವಿನ ಉಪಾಯವೇ

ಅವರೆ, ಅಲಸಂದೆಗೆ ಬೀಳುವ ದುಂಬಿಯ ಕಾಟ ನಿಮಗೆ ಗೊತ್ತೇ ಇದೆ. ಸಂಕ್ರಾಂತಿಯಲ್ಲಿ ಮೂಟೆ ಕಟ್ಟಿದ ಕಾಳು ಬಿತ್ತನೆಯ ಹೊತ್ತಿಗೆ ತೂತು ತೂತಾಗಿರುತ್ತದೆ. ಹೀಗಾಗಬಾರದೆಂದು ತಲಾ 120 ರೂಪಾಯಿಯ ಹತ್ತು ಚೀಲ ಕೊಂಡೆವು. ಹೊರಗೆ ಸಾಧಾರಣ ಪ್ಲಾಸ್ಟಿಕ್ ಗೋಣಿ, ಒಳಗೆ ಒಂದರೊಳಗೊಂದು ಎರಡು ದಪ್ಪ ಪಾಲಿಥಿನ್ ಚೀಲ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕದ ಕ್ಯಾಮರೂನಿನಲ್ಲಿ ಅಲಸಂದೆ ಬೆಳೆಗಾರರಿಗಾಗಿಯೇ ರೂಪಿಸಿದ ವಿಧಾನವಿದು.

ಇದರಲ್ಲಿ ಔಷಧಿಯಿಲ್ಲ. ಒಳಗಿನ ಹುಳುಗಳು ಉಸಿರಾಡಿ ಆಮ್ಲಜನಕವನ್ನು ಮುಗಿಸುತ್ತವೆ. ಹೊರಗಿನ ಗಾಳಿ ಬರದೆ ತಿನ್ನುವುದನ್ನು ನಿಲ್ಲಿಸಿ ಸಾಯುತ್ತವೆ. ನಮ್ಮ ಹಿರಿಯರು ರಾಗಿಯನ್ನು ಹಗೇವಿನಲ್ಲಿ ಹೂಳಿಡುತ್ತಿದ್ದದ್ದೂ ಇದೇ ತತ್ತ್ವದ ಮೇಲೆ. ಹಗೇವಿಗೆ ಇಳಿಯುವ ಮುನ್ನ ದೀಪ ಇಳಿಸಿ ನೋಡುತ್ತಿದ್ದದ್ದು ಒಳಗೆ ಉಸಿರಾಡುವ ಗಾಳಿ ಇದೆಯೇ ಎಂದು ತಿಳಿಯಲಿಕ್ಕೆ.

ಕಾಳು ಚೆನ್ನಾಗಿ ಒಣಗಿರಬೇಕಾದದ್ದು ಮುಖ್ಯ. ಇಲ್ಲವಾದರೆ ಹುಳುವಿನ ಬದಲು ಬೂಷ್ಟು ಬರುತ್ತದೆ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ, ಮುಚ್ಚಿ, ಚೆನ್ನಾಗಿ ಅಲುಗಾಡಿಸಿ ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ ಶೇಕಡಾ 15ಕ್ಕಿಂತ ಹೆಚ್ಚು ತೇವವಿದೆ ಎಂದು ತಿಳಿಯಬೇಕು. ಅಂಟದಿದ್ದರೂ ದ್ವಿದಳ ಧಾನ್ಯಕ್ಕೆ ಇನ್ನೆರಡು ಬಿಸಿಲು ತೋರಿಸುವುದು ಲೇಸು. ಒಳಚೀಲದ ಗಾಳಿಯನ್ನು ಒತ್ತಿ ತೆಗೆದು, ಬಾಯನ್ನು ತಿರುಚಿ ಮಡಿಸಿ ಬಿಗಿಯಾಗಿ ಕಟ್ಟಿ. ಎರಡನೆಯದನ್ನೂ ಹಾಗೆಯೇ ಕಟ್ಟಿ. ನೆಲದ ಮೇಲಿಡದೆ ಹಲಗೆಯ ಮೇಲಿಡಿ. ಇಲಿ ಕಚ್ಚಿದರೆ ಎಲ್ಲವೂ ವ್ಯರ್ಥ. ನಮ್ಮ ಹತ್ತು ಚೀಲದಲ್ಲಿ ಒಂದನ್ನು ಇಲಿ ಕೊರೆಯಿತು. ಉಳಿದ ಒಂಬತ್ತರ ಕಾಳು ಹುಳುವಿಲ್ಲದೆ ಉಳಿಯಿತು. ತೂತಾಗದ ಚೀಲಗಳನ್ನು ಈ ವರ್ಷವೂ ಬಳಸುತ್ತೇವೆ.

ಬ್ಯಾಟರಿ ಸಿಂಪರಣಾ ಯಂತ್ರ: ತಪ್ಪು ನಮ್ಮದೇ

16 ಲೀಟರಿನ ಈ ಯಂತ್ರಕ್ಕೆ 3,200 ರೂಪಾಯಿ ಕೊಟ್ಟೆವು. ಕೈಯಿಂದ ಹೊಡೆಯುವುದಕ್ಕೆ ಹೋಲಿಸಿದರೆ ಭುಜಕ್ಕೂ ಸಮಯಕ್ಕೂ ಬಹಳ ಸುಖ. ಆದರೆ ತರಕಾರಿ ಮುಗಿದ ಮೇಲೆ ಚಾರ್ಜ್ ಇಳಿದ ಸ್ಥಿತಿಯಲ್ಲೇ ಅದನ್ನು ಕೊಟ್ಟಿಗೆಯಲ್ಲಿ ತೂಗುಹಾಕಿದೆವು. ನಾಲ್ಕು ತಿಂಗಳ ನಂತರ ತೆಗೆದರೆ ಬ್ಯಾಟರಿ ಚಾರ್ಜ್ ಹಿಡಿಯಲಿಲ್ಲ. ಹೊಸದಕ್ಕೆ 1,100 ರೂಪಾಯಿ ದಂಡ. ಒಳಗಿರುವುದು ಸೀಸದ ಬ್ಯಾಟರಿ. ಖಾಲಿಯಾಗಿ ಬಿಟ್ಟರೆ ಅದರ ಫಲಕಗಳ ಮೇಲೆ ಪೊರೆ ಕಟ್ಟಿ ಕೆಡುತ್ತದೆ. ಬಳಸದಿದ್ದರೂ ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ ಇಡಿ. ಯಂತ್ರ ಲಾಭದ್ದೇ, ಅಲಕ್ಷ್ಯ ನಮ್ಮದು.

ಕಳೆ ಕತ್ತರಿಸುವ ಯಂತ್ರ: ಬಾಡಿಗೆ ಸಾಕಿತ್ತು

ನೆರೆಯವರು ಕೊಂಡರೆಂದು ನಾವೂ 12,000 ರೂಪಾಯಿ ಕೊಟ್ಟು ಪೆಟ್ರೋಲಿನ ಯಂತ್ರ ತಂದೆವು. ವರ್ಷದಲ್ಲಿ ಬಳಸಿದ್ದು ಆರು ದಿನ. ದಿನಕ್ಕೆ 2,000 ರೂಪಾಯಿ! ಐದನೆಯ ದಿನ ಕಾರ್ಬ್ಯುರೇಟರ್ ಕಟ್ಟಿಕೊಂಡಿತು. ತಾಲ್ಲೂಕು ಕೇಂದ್ರದಲ್ಲಿ ಬಿಡಿ ಭಾಗ ಸಿಗಲಿಲ್ಲ. ಅಡಿಕೆ, ತೆಂಗಿನ ತೋಟವಿರುವವರಿಗೆ ಇದು ಲಾಭವಾಗಬಹುದು. ನಮ್ಮಂಥ ಖುಷ್ಕಿಯವರಿಗೆ ಅಲ್ಲ. ವರ್ಷಕ್ಕೆ ಹತ್ತು ದಿನವೂ ಬಳಸದ ಯಂತ್ರವನ್ನು ಬಾಡಿಗೆಗೆ ತರುವುದೇ ಜಾಣತನ. ಇದಕ್ಕೆಂದೇ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳಿವೆ. ಅಲ್ಲಿ ಯಾವ ಯಂತ್ರಗಳಿವೆ ಎಂದು ಮೊದಲು ಕೇಳಿ ನೋಡಿ. ಇಲ್ಲವಾದರೆ ನಾಲ್ಕು ಮನೆಯವರು ಕೂಡಿ ಕೊಳ್ಳಿ.

ಬಾಟಲಿಯ ‘ಟಾನಿಕ್’: ಶುದ್ಧ ನಷ್ಟ

ಮನೆ ಬಾಗಿಲಿಗೆ ಬಂದವರೊಬ್ಬರು ಇಳುವರಿ ದುಪ್ಪಟ್ಟಾಗುತ್ತದೆಂದು ಒಂದು ಲೀಟರ್ ದ್ರವವನ್ನು 850 ರೂಪಾಯಿಗೆ ಮಾರಿದರು. ಪುಣ್ಯಕ್ಕೆ ಪೂರ್ತಿ ಹೊಲಕ್ಕೆ ಹೊಡೆಯಲಿಲ್ಲ. ಟೊಮೇಟೊದಲ್ಲಿ ನಾಲ್ಕು ಸಾಲಿಗೆ ಹೊಡೆದು, ಪಕ್ಕದ ನಾಲ್ಕು ಸಾಲನ್ನು ಹಾಗೇ ಬಿಟ್ಟು, ಎರಡರ ಹಣ್ಣನ್ನೂ ಬೇರೆ ಬೇರೆ ತೂಗಿದೆವು. ಒಂದು ಬುಟ್ಟಿಯ ವ್ಯತ್ಯಾಸವೂ ಕಾಣಲಿಲ್ಲ. ಬಾಟಲಿಯ ಮೇಲೆ ಒಳಗೇನಿದೆ ಎಂದೂ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ. ಬೆಳೆಗೆ ಹೊಡೆಯುವ ಇಂಥ ಜೈವಿಕ ಉತ್ತೇಜಕಗಳನ್ನು 2021ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶದ ಅಡಿ ತರಲಾಗಿದೆ. ಚೀಟಿಯಿಲ್ಲದ ಬಾಟಲಿಯನ್ನು ರಸೀದಿ ಕೊಡದವರಿಂದ ಕೊಳ್ಳಲೇಬೇಡಿ. ಹೊಸದೇನನ್ನೇ ತಂದರೂ ಮೊದಲು ನಾಲ್ಕು ಸಾಲಿನಲ್ಲಿ ಪರೀಕ್ಷಿಸಿ.

ಮೂರು ವರ್ಷ ಮುಂದೂಡಿದ ಖರೀದಿ

ಗೋಡೆಯ ಕ್ಯಾಲೆಂಡರಿಗೆ ಸಿಕ್ಕಿಸಿದ ಸಾಮಾನಿನ ಚೀಟಿಯಲ್ಲಿ ಗಂಬೂಟು ಮತ್ತು ಹಣೆಗೆ ಕಟ್ಟುವ ದೀಪ ಮೂರು ವರ್ಷ ಇದ್ದವು. ಪ್ರತಿ ಸಲ ಸಂತೆಗೆ ಹೊರಟಾಗಲೂ ‘ಇದೇನು ಅವಸರವಿಲ್ಲ’ ಎಂದು ನಾನೇ ಹೊಡೆದು ಹಾಕುತ್ತಿದ್ದೆ. ಎರಡಕ್ಕೂ ಸೇರಿ ಸಾವಿರದ ಐವತ್ತು ರೂಪಾಯಿ.

ಪಂಪಿಗೆ ಮೂರು ಫೇಸ್ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಕಟ್ಟಬೇಕು. ಕಳೆದ ಶ್ರಾವಣದ ಒಂದು ರಾತ್ರಿ ನನ್ನ ತಮ್ಮ ಚಪ್ಪಲಿ ಕಾಲಿನಲ್ಲಿ, ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಮೊಬೈಲ್ ಬೆಳಕು ಹಿಡಿದು ಬದುವಿನ ಮೇಲೆ ಹೋದ. ಗುದ್ದಲಿ ಹಾಕಲು ಮೊಬೈಲನ್ನು ಜೇಬಿಗಿಟ್ಟ. ಕತ್ತಲಲ್ಲಿ ಇಟ್ಟ ಹೆಜ್ಜೆಗೆ ಕೊಳಕುಮಂಡಲ ಪಾದದ ಮೇಲೆ ಕಡಿಯಿತು. ಸರ್ಕಾರಿ ಆಸ್ಪತ್ರೆಗೆ ಬೇಗ ಸೇರಿಸಿದ್ದರಿಂದ ಉಳಿದ. ಆರು ದಿನ ಆಸ್ಪತ್ರೆಯಲ್ಲಿದ್ದ. ಪಾದದ ಗಾಯ ಮಾಗಲು ಎರಡು ತಿಂಗಳಾಯಿತು. ನೋಡುವವರಿಲ್ಲದೆ ಹೋದ ಬದನೆ ಬೆಳೆಯ ಲೆಕ್ಕ ಬೇರೆ. ಅವನು ಆಸ್ಪತ್ರೆಯಲ್ಲಿದ್ದ ಮೂರನೆಯ ದಿನ ಹೋಗಿ ಎರಡು ಜೊತೆ ಬೂಟು, ಎರಡು ದೀಪ ತಂದೆ. ಆ ಚೀಟಿಯನ್ನು ಇನ್ನೂ ಇಟ್ಟುಕೊಂಡಿದ್ದೇನೆ.

ಹಾವು ಕಡಿಯುವುದು ಹೆಚ್ಚಾಗಿ ಪಾದಕ್ಕೆ, ಕಣಕಾಲಿಗೆ. ಮೊಣಕಾಲಿನ ಕೆಳಗಿನವರೆಗೆ ಬರುವ ಬೂಟು ಪೂರ್ಣ ರಕ್ಷಣೆ ಅಲ್ಲದಿದ್ದರೂ ದೊಡ್ಡ ರಕ್ಷಣೆ. ಹಾಕುವ ಮುನ್ನ ತಲೆಕೆಳಗು ಮಾಡಿ ಕೊಡವಿ. ಹಣೆಯ ದೀಪ ಎರಡೂ ಕೈಗಳನ್ನು ಕೆಲಸಕ್ಕೆ ಬಿಡುತ್ತದೆ, ಹೆಜ್ಜೆ ಇಡುವ ಜಾಗವನ್ನೂ ತೋರಿಸುತ್ತದೆ. ಕಡಿದರೆ ಹಗ್ಗ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಉಂಗುರ, ಕಾಲ್ಗಡಗ ತೆಗೆದು, ಕಾಲು ಅಲುಗದಂತೆ ನೋಡಿಕೊಂಡು, ನಾಟಿ ಔಷಧಿಗೆ ಹೊತ್ತು ಕಳೆಯದೆ ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಹೋಗಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ಹಾವನ್ನು ಹುಡುಕಿ ಕೊಂದು ತರುವ ಅಗತ್ಯವಿಲ್ಲ. ಆಸ್ಪತ್ರೆಗಳು ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಘೋಷಿಸಿತು.

ರಸೀದಿ ಬಿಡಬೇಡಿ

ಮೊದಲ ಟಾರ್ಪಾಲಿಗೆ ರಸೀದಿ ಕೇಳಿರಲಿಲ್ಲ. ಆದ್ದರಿಂದ ಅಂಗಡಿಯಲ್ಲಿ ಮಾತು ನಡೆಯಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ರಸೀದಿ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ರಸೀದಿಯಲ್ಲಿ ಮಾಲಿನ ಹೆಸರು, ಅಳತೆ, ಜಿ.ಎಸ್.ಎಂ. ಬರೆಸಿ. ಮೋಸವಾದರೆ 1915 ಸಂಖ್ಯೆಗೆ ದೂರವಾಣಿ ಮಾಡಬಹುದು, ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. ಅಲ್ಲಿ 5 ಲಕ್ಷ ರೂಪಾಯಿವರೆಗಿನ ಮಾಲಿನ ದೂರಿಗೆ ಶುಲ್ಕವಿಲ್ಲ.

ಕೊನೆಗೊಂದು ಸಲಹೆ. ದಿನದ ಲೆಕ್ಕ ಎಲ್ಲ ಸಾಮಾನಿಗೂ ಸರಿಹೊಂದುತ್ತದೆ, ಬೂಟಿಗೆ ಮಾತ್ರ ಹೊಂದುವುದಿಲ್ಲ. ಜೀವಕ್ಕೆ ಸಂಬಂಧಿಸಿದ್ದನ್ನು ಚೀಟಿಯ ಮೇಲ್ತುದಿಯಲ್ಲಿ ಬರೆದು ಮೊದಲು ಕೊಂಡುಬಿಡಿ. ಉಳಿದವುಗಳಿಗೆ ನಿಮ್ಮ ಊರಿನ ವಾಚನಾಲಯದಲ್ಲಿ ಒಂದು ಪುಸ್ತಕ ಇಡಿ. ಯಾರು ಏನು ಕೊಂಡರು, ಎಷ್ಟು ಕೊಟ್ಟರು, ಎಷ್ಟು ದಿನ ಬಂತು ಎಂದು ಬರೆಯಲಿ. ಮುಂದಿನ ಕೊಯ್ಲಿಗೆ ಟಾರ್ಪಾಲು ಕೊಳ್ಳಲು ಹೊರಟವರು ಮೊದಲು ಆ ಪುಸ್ತಕ ತೆರೆದು ನೋಡಲಿ. ಹೋಗುವಾಗ ವಾಚನಾಲಯದ ಪಕ್ಕದ ಮನೆಯಿಂದ ಒಂದು ತಕ್ಕಡಿಯನ್ನೂ ಎರವಲು ಒಯ್ಯಲಿ.