ತೆರಿಗೆಗೆ ನೌಕರ, ಹಕ್ಕಿಗೆ ಹೊರಗಿನವ

ಕನ್ನಡದಲ್ಲಿ ‘ಗುತ್ತಿಗೆದಾರ’ ಎಂದರೆ ಕಣ್ಣೆದುರು ಬರುವ ಚಿತ್ರವೇ ಬೇರೆ, ‘ಗುತ್ತಿಗೆ ನೌಕರ’ ಎಂದಾಗ ಬರುವುದೇ ಬೇರೆ. ಮೊದಲನೆಯವನು ಇಷ್ಟು ಹಣಕ್ಕೆ ಇಂಥ ಕೆಲಸ ಎಂದು ಒಪ್ಪಿಕೊಂಡು, ಲಾಭನಷ್ಟ ಎರಡನ್ನೂ ತಾನೇ ಹೊತ್ತು ಮುಗಿಸಿಕೊಡುವವನು. ಎರಡನೆಯವನು ಇನ್ನೊಬ್ಬರ ಕಚೇರಿಯಲ್ಲಿ ಇನ್ನೊಬ್ಬರು ಹೇಳಿದಂತೆ ದುಡಿಯುತ್ತಾನೆ, ಕಾಯಂ ನೌಕರನ ಭದ್ರತೆ ಮಾತ್ರ ಅವನಿಗಿಲ್ಲ. ಬ್ರಿಟನ್ನಿನಲ್ಲಿ ಕಾಲು ಶತಮಾನದಿಂದ ನಡೆದಿರುವ ಒಂದು ತೆರಿಗೆ ಹೋರಾಟ ಈ ಎರಡು ಪದಗಳ ನಡುವಿನ ಜಾಗದಲ್ಲೇ ಸಿಕ್ಕಿಕೊಂಡಿದೆ. ಸ್ವತಂತ್ರವಾಗಿ ದುಡಿಯುವ ಸಾಫ್ಟ್‌ವೇರ್ ತಜ್ಞರು, ಎಂಜಿನಿಯರುಗಳು, ಸಲಹೆಗಾರರು ವಿರೋಧಿಸುತ್ತಿರುವ ಆ ನಿಯಮದ ಹೆಸರು ಐಆರ್35. 1999ರ ಮಾರ್ಚ್‌ನಲ್ಲಿ ಅಂದಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಬಜೆಟ್ ಮಂಡಿಸಿದ ದಿನ ಅಲ್ಲಿನ ತೆರಿಗೆ ಇಲಾಖೆ ಹೊರಡಿಸಿದ 35ನೇ ಪತ್ರಿಕಾ ಪ್ರಕಟಣೆಯಿಂದ ಬಂದ ಹೆಸರು ಅದು.

ನಿಯಮ ಸುಮ್ಮನೆ ಹುಟ್ಟಲಿಲ್ಲ. ನೌಕರನ ಸಂಬಳದಲ್ಲಿ ಆದಾಯ ತೆರಿಗೆಯ ಜೊತೆಗೆ ನ್ಯಾಷನಲ್ ಇನ್ಶೂರೆನ್ಸ್ ಎಂಬ ಸಾಮಾಜಿಕ ಭದ್ರತೆಯ ವಂತಿಗೆಯೂ ಕಡಿತವಾಗುತ್ತದೆ. ಮಾಲೀಕನೂ ತನ್ನ ಪಾಲಿನ ವಂತಿಗೆ ಕಟ್ಟಬೇಕು. ಅದೇ ವ್ಯಕ್ತಿ ಒಂದು ಪುಟ್ಟ ಕಂಪನಿ ಮಾಡಿಕೊಂಡು, ಆ ಕಂಪನಿಯ ಮೂಲಕ ಕೆಲಸ ಮಾಡಿ, ಗಳಿಕೆಯನ್ನು ಡಿವಿಡೆಂಡ್ ರೂಪದಲ್ಲಿ ತೆಗೆದುಕೊಂಡರೆ ವಂತಿಗೆಯ ಬಹುಪಾಲು ತಪ್ಪುತ್ತದೆ. ಶುಕ್ರವಾರ ನೌಕರನಾಗಿ ಹೊರಟವನು ಸೋಮವಾರ ಕಂಪನಿಯಾಗಿ ಅದೇ ಮೇಜಿಗೆ ಮರಳಬಹುದಲ್ಲ ಎಂಬುದು ಸರ್ಕಾರದ ಆಕ್ಷೇಪವಾಗಿತ್ತು. ಅದಕ್ಕಾಗಿ 2000ದ ಏಪ್ರಿಲ್‌ನಿಂದ ಹೊಸ ಕಟ್ಟಳೆ ಜಾರಿಗೆ ಬಂತು: ನಡುವಿನ ಕಂಪನಿಯನ್ನು ಪಕ್ಕಕ್ಕಿಟ್ಟು ನೋಡಿದಾಗ ಸಂಬಂಧ ನೌಕರಿಯಂತೆ ಕಂಡರೆ, ನೌಕರನಂತೆಯೇ ತೆರಿಗೆ ಕಟ್ಟಬೇಕು. ಗುತ್ತಿಗೆದಾರರು ಅಂತರ್ಜಾಲದ ಮೂಲಕ ಒಗ್ಗೂಡಿ ಪ್ರೊಫೆಷನಲ್ ಕಾಂಟ್ರಾಕ್ಟರ್ಸ್ ಗ್ರೂಪ್ ಎಂಬ ಸಂಘ ಕಟ್ಟಿದರು, ಚಂದಾ ಎತ್ತಿ ನ್ಯಾಯಾಲಯಕ್ಕೆ ಹೋದರು. 2001ರಲ್ಲಿ ಹೈಕೋರ್ಟಿನಲ್ಲೂ ಮೇಲ್ಮನವಿಯಲ್ಲೂ ಸೋತರು. ಸಂಘ ಮಾತ್ರ ಮುಂದೆ ಐಪಿಎಸ್ಇ ಎಂದು ಹೆಸರು ಬದಲಿಸಿಕೊಂಡು ಉಳಿಯಿತು.

ಸಂಬಂಧ ನೌಕರಿಯೋ ಅಲ್ಲವೋ ಎಂದು ಅಳೆಯುವುದೇ ಇಲ್ಲಿ ಕಷ್ಟದ ಕೆಲಸ. ಅದಕ್ಕೆ ಇಂದಿಗೂ ಆಧಾರವಾಗಿರುವುದು ಕಾಂಕ್ರೀಟ್ ಸಾಗಿಸುವ ಲಾರಿ ಚಾಲಕನೊಬ್ಬನ ಕುರಿತಾದ 1968ರ ತೀರ್ಪು. ಅವನು ಕಂಪನಿಯ ಸಮವಸ್ತ್ರ ತೊಡಬೇಕಿತ್ತು, ಲಾರಿಗೆ ಕಂಪನಿಯ ಬಣ್ಣ ಬಳಿಯಬೇಕಿತ್ತು. ಆದರೂ ಲಾರಿ ಅವನದೇ, ಅದರ ಖರ್ಚು ಅವನದೇ, ತನ್ನ ಬದಲು ಇನ್ನೊಬ್ಬ ಚಾಲಕನನ್ನು ನೇಮಿಸಬಹುದಿತ್ತು. ಹಾಗಾಗಿ ಅವನು ನೌಕರನಲ್ಲ ಎಂದಿತು ನ್ಯಾಯಾಲಯ. ಇಷ್ಟು ಸೂಕ್ಷ್ಮವಾದ ಅಳತೆಯನ್ನು ಮೊದಲು ಗುತ್ತಿಗೆದಾರರೇ ಮಾಡಿಕೊಳ್ಳುತ್ತಿದ್ದರು. 2017ರಲ್ಲಿ ಸರ್ಕಾರಿ ಸಂಸ್ಥೆಗಳಲ್ಲಿ, 2021ರಲ್ಲಿ ಮಧ್ಯಮ ಹಾಗೂ ದೊಡ್ಡ ಖಾಸಗಿ ಕಂಪನಿಗಳಲ್ಲಿ ಆ ಹೊಣೆ ಕೆಲಸ ಕೊಡುವವರ ಹೆಗಲಿಗೆ ಬಿತ್ತು. ತೆರಿಗೆ ಇಲಾಖೆ ಒಂದು ಆನ್‌ಲೈನ್ ಸಾಧನವನ್ನೂ ಒದಗಿಸಿತು. ಆದರೂ ಬ್ರಿಟನ್ನಿನ ಪಿಂಚಣಿ ಇಲಾಖೆಯೇ ತಪ್ಪು ನಿರ್ಧಾರಗಳಿಗಾಗಿ 2020-21ರ ಲೆಕ್ಕದಲ್ಲಿ ಸುಮಾರು 8.8 ಕೋಟಿ ಪೌಂಡ್ ತೆರಬೇಕಾಯಿತು. ಸರ್ಕಾರದ ಇಲಾಖೆಗೇ ಅರ್ಥವಾಗದ ನಿಯಮವನ್ನು ಪ್ರಜೆ ತಪ್ಪಿಲ್ಲದೆ ಪಾಲಿಸಬೇಕೆನ್ನುವುದು ಹೇಗೆ ನ್ಯಾಯ? ನಿರ್ಧಾರ ತಪ್ಪಾದರೆ ತಾವೇ ತೆರಬೇಕಾದೀತೆಂಬ ಭಯಕ್ಕೆ ಹಲವು ದೊಡ್ಡ ಕಂಪನಿಗಳು ಒಬ್ಬೊಬ್ಬರ ಕೆಲಸವನ್ನು ಪರಿಶೀಲಿಸುವ ಗೋಜಿಗೇ ಹೋಗದೆ, ಸ್ವಂತ ಕಂಪನಿಯ ಮೂಲಕ ಬರುವವರು ಬೇಡವೇ ಬೇಡ ಎಂದವು. ಅನೇಕರು ‘ಅಂಬ್ರೆಲಾ ಕಂಪನಿ’ ಎಂಬ ಮಧ್ಯವರ್ತಿಗಳ ಕೊಡೆಯಡಿ ಸೇರಬೇಕಾಯಿತು. ಅಲ್ಲಿ ಮಾಲೀಕನ ಪಾಲಿನ ವಂತಿಗೆಯೂ ರಜೆಯ ಸಂಬಳವೂ ದುಡಿಯುವವರಿಗೆಂದು ಗೊತ್ತು ಮಾಡಿದ ದರದೊಳಗಿಂದಲೇ ಹೋಗುತ್ತವೆ.

ನನ್ನ ಮಟ್ಟಿಗೆ ನಿಜವಾದ ಅನ್ಯಾಯ ತೆರಿಗೆ ಹೆಚ್ಚಿತೆಂಬುದಲ್ಲ. ತೆರಿಗೆ ಕಾನೂನು ಒಬ್ಬರನ್ನು ನೌಕರರೆಂದು ಕರೆದ ಮಾತ್ರಕ್ಕೆ ಕಾರ್ಮಿಕ ಕಾನೂನು ಹಾಗೆ ಕರೆಯಬೇಕಿಲ್ಲ. ಐಆರ್35ಕ್ಕೆ ಒಳಪಟ್ಟು ಸ್ವಂತ ಕಂಪನಿಯ ಮೂಲಕ ದುಡಿಯುವವರು ನೌಕರರಷ್ಟೇ ತೆರಿಗೆ ಕೊಡುತ್ತಾರೆ. ಆದರೆ ಕೆಲಸ ಕೊಟ್ಟವರು ಅವರಿಗೆ ಸಂಬಳದ ರಜೆಯನ್ನಾಗಲಿ, ಕಾಯಿಲೆ ಬಿದ್ದಾಗಿನ ವೇತನವನ್ನಾಗಲಿ, ಕೆಲಸ ಹೋದಾಗಿನ ಪರಿಹಾರವನ್ನಾಗಲಿ ಕೊಡಬೇಕಿಲ್ಲ. ಇದರ ಇನ್ನೊಂದು ಮಗ್ಗುಲನ್ನೂ ನೋಡಿ. 2021ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಉಬರ್ ಚಾಲಕರಿಗೆ ಕನಿಷ್ಠ ವೇತನ ಮತ್ತು ಸಂಬಳದ ರಜೆಯ ಹಕ್ಕಿದೆ ಎಂದಿತು; ಆದಾಯ ತೆರಿಗೆಯ ಲೆಕ್ಕದಲ್ಲಿ ಅವರು ಸ್ವಯಂ ಉದ್ಯೋಗಿಗಳಾಗಿಯೇ ಉಳಿದರು. ಕಾರ್ಮಿಕ ಕಾನೂನಿನಲ್ಲಿ ನೌಕರ, ಸ್ವಯಂ ಉದ್ಯೋಗಿ, ನಡುವೆ ‘ವರ್ಕರ್’ ಎಂದು ಮೂರು ವರ್ಗಗಳಿವೆ. ತೆರಿಗೆ ಕಾನೂನಿಗೆ ಗೊತ್ತಿರುವುದು ಎರಡೇ. ಈ ಎರಡು ಕಾನೂನುಗಳನ್ನೂ ಹೊಂದಿಸಬೇಕೆಂದು, ಸರ್ಕಾರದ ಕೋರಿಕೆಯಂತೆ ಉದ್ಯೋಗ ಪದ್ಧತಿಗಳನ್ನು ಪರಿಶೀಲಿಸಿದ್ದ ಮ್ಯಾಥ್ಯೂ ಟೇಲರ್ ಅವರ 2017ರ ವರದಿ ಶಿಫಾರಸು ಮಾಡಿತ್ತು. 2022ರ ಜುಲೈನಲ್ಲಿ ಸರ್ಕಾರ ಇದು ಸಮಯವಲ್ಲ ಎಂದು ಆ ಶಿಫಾರಸನ್ನು ಕೈಬಿಟ್ಟಿತು.

ಈ ವಾದಕ್ಕೆ ಬರುವ ದೊಡ್ಡ ಆಕ್ಷೇಪವೆಂದರೆ, ದಾದಿಯರೂ ಶಿಕ್ಷಕರೂ ಪೂರ್ತಿ ಕಟ್ಟುವಾಗ ದುಬಾರಿ ದರ ಪಡೆಯುವ ತಜ್ಞರಿಗೇಕೆ ವಿನಾಯಿತಿ ಎಂಬುದು. ಆಕ್ಷೇಪದಲ್ಲಿ ಹುರುಳಿದೆ, ವೇಷ ಮರೆಸಿದ ನೌಕರಿ ಇದ್ದದ್ದೂ ನಿಜ. ಆದರೆ ಆ ವೇಷದಿಂದ ಕೆಲಸ ಕೊಡುವ ಕಂಪನಿಗೂ ಲಾಭವಿತ್ತು, ಮಾಲೀಕನ ವಂತಿಗೆ ಅದಕ್ಕೆ ಉಳಿಯುತ್ತಿತ್ತು. 2000ದ ಕಟ್ಟಳೆ ಆ ಭಾರವನ್ನೂ ಗುತ್ತಿಗೆದಾರರ ಪುಟ್ಟ ಕಂಪನಿಯ ಮೇಲೆಯೇ ಹೇರಿತು. ಡಿವಿಡೆಂಡ್ ಮತ್ತು ಸಂಬಳದ ನಡುವಿನ ಅಂತರವೇ ರೋಗವಾದರೆ ಅಂತರವನ್ನೇ ಕಿರಿದು ಮಾಡಬಹುದು. 2016ರಲ್ಲಿ ಡಿವಿಡೆಂಡ್ ತೆರಿಗೆ ಏರಿಸಿದಾಗ ಸರ್ಕಾರ ಆ ದಾರಿಯನ್ನೂ ಹಿಡಿದಿತ್ತು. ಇಷ್ಟಪಟ್ಟು ಸ್ವತಂತ್ರರಾದವರಿಗೆ ಹಕ್ಕುಗಳೇಕೆ ಎನ್ನುವವರೂ ಇದ್ದಾರೆ. ನಿಜವಾಗಿ ಸ್ವತಂತ್ರರಾದವರಿಗೆ ಬೇಡ. ಆದರೆ ಅವರ ಮೇಲೆ ನೌಕರರ ತೆರಿಗೆಯೂ ಬೇಡ. ಹೋರಾಟಗಾರರಿಗೂ ಒಂದು ಮಾತಿದೆ. 2022ರ ಸೆಪ್ಟೆಂಬರ್ 23ರಂದು ಹಣಕಾಸು ಸಚಿವ ಕ್ವಾಸಿ ಕ್ವಾರ್ಟೆಂಗ್ 2017 ಮತ್ತು 2021ರ ಬದಲಾವಣೆಗಳನ್ನು ರದ್ದು ಮಾಡುವುದಾಗಿ ಘೋಷಿಸಿದರು. ಅವರ ಸ್ಥಾನಕ್ಕೆ ಬಂದ ಜೆರೆಮಿ ಹಂಟ್ ಅಕ್ಟೋಬರ್ 17ರಂದು ಆ ಘೋಷಣೆಯನ್ನೇ ರದ್ದು ಮಾಡಿದರು. ತೆರಿಗೆ ರಿಯಾಯಿತಿಯಾಗಿ ಕೇಳಿದ್ದು ಬೊಕ್ಕಸ ಬರಿದಾದ ದಿನ ಹೋಗುತ್ತದೆ. ಹಕ್ಕು ಮತ್ತು ತೆರಿಗೆಗೆ ಒಂದೇ ಅಳತೆಗೋಲು ಇರಲಿ ಎಂದು ಕೇಳಿದ್ದರೆ ನಿಲ್ಲಲು ಗಟ್ಟಿ ನೆಲವಿರುತ್ತಿತ್ತು.

ಈ ಪ್ರಶ್ನೆ ನಮಗೂ ಹೊಸದಲ್ಲ. ಆಸ್ಪತ್ರೆಯ ಸಲಹಾ ವೈದ್ಯರು ಪಡೆಯುವುದು ಸಂಬಳವೋ ವೃತ್ತಿಶುಲ್ಕವೋ ಎಂಬ ತಕರಾರು ಕರ್ನಾಟಕ ಹೈಕೋರ್ಟಿಗೂ ಬಂದಿತ್ತು. ಕರಾರಿನ ಸ್ವರೂಪ ನೋಡಿ, ಅದು ವೃತ್ತಿಶುಲ್ಕವೆಂದು ನ್ಯಾಯಾಲಯ 2015ರಲ್ಲಿ ಹೇಳಿತು. 2025ರಲ್ಲಿ ರಾಜ್ಯ ತಂದ ಗಿಗ್ ಕಾರ್ಮಿಕರ ಕಾನೂನು ಅವರು ನೌಕರರೋ ಅಲ್ಲವೋ ಎಂಬ ವಾದ ಮುಗಿಯಲಿ ಎಂದು ಕಾಯದೆ, ಪ್ಲಾಟ್‌ಫಾರ್ಮ್ ಕಂಪನಿಗಳಿಂದ ಕಲ್ಯಾಣ ಶುಲ್ಕ ಎತ್ತುವ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ ಸಲಹೆಗಾರರೆಂಬ ಹೆಸರಿನಲ್ಲಿ ಭವಿಷ್ಯನಿಧಿ, ಗ್ರ್ಯಾಚ್ಯುಟಿ ಇಲ್ಲದೆ ದುಡಿಯುವವರು ಕಡಿಮೆಯೇನಲ್ಲ. ಅವರನ್ನು ಗುತ್ತಿಗೆದಾರರೆನ್ನುವುದೋ ಗುತ್ತಿಗೆ ನೌಕರರೆನ್ನುವುದೋ ಎಂದು ಇಲ್ಲಿಯೂ ಒಂದು ದಿನ ತೀರ್ಮಾನವಾಗಬೇಕು. ಆಗ ತೆರಿಗೆ ಇಲಾಖೆಯ ಪುಸ್ತಕದಲ್ಲಿ ಒಂದು ಹೆಸರು, ಕಾರ್ಮಿಕ ಇಲಾಖೆಯ ಪುಸ್ತಕದಲ್ಲಿ ಇನ್ನೊಂದು ಹೆಸರು ಬರೆಯುವ ತಪ್ಪನ್ನು ನಾವು ಮಾಡದಿರೋಣ.