ಕೋಲಾರದ ಕಗ್ಗಲ್ಲು, ಶಿವಾರಪಟ್ಟಣದ ಉಳಿ

2018ರ ಆರಂಭದಲ್ಲಿ ಕೋಲಾರ–ಬೆಂಗಳೂರು ಹೆದ್ದಾರಿಯಲ್ಲಿ ಓಡಾಡಿದವರಿಗೆ ಆ ವಾಹನ ನೆನಪಿರುತ್ತದೆ. ನರಸಾಪುರ ಕಡೆಯಿಂದ ಬೆಂಗಳೂರಿನ ಕಾಚರಕನಹಳ್ಳಿಗೆ ಹೊರಟಿದ್ದ 62 ಅಡಿಯ ಏಕಶಿಲಾ ಹನುಮಂತನನ್ನು ಹೊತ್ತ ಟ್ರೇಲರ್ ಅದು. ಚಕ್ರಗಳೇ 300. ಹೊರೆಯ ತೂಕ ಸುಮಾರು 750 ಟನ್ ಎಂದು ಪತ್ರಿಕೆಗಳು ಬರೆದವು. ಅಲ್ಲಲ್ಲಿ ಸಿಕ್ಕಿಕೊಂಡು, ನಿಂತು ನಿಂತು ಸಾಗಿದ ಆ ಪಯಣ ದಿನಗಟ್ಟಲೆ ಸುದ್ದಿಯಾಯಿತು. ಆದರೆ ಅಂಥ ಬಂಡೆಯ ಮೇಲೆ ಮೊದಲ ಉಳಿ ಇಡುವವರ ಬದುಕು ಸುದ್ದಿಯಾಗುವುದು ಅಪರೂಪ.

ಕೋಲಾರ ಜಿಲ್ಲೆಯಲ್ಲಿ ಕಲ್ಲಿಗೆ ಬರವಿಲ್ಲ. ಅಂತರಗಂಗೆಯ ಬೆಟ್ಟ, ಟೇಕಲ್‌ನ ಗುಡ್ಡಗಳು, ಮುಳಬಾಗಿಲು ದಾರಿಯ ಹೆಬ್ಬಂಡೆಗಳು, ಎಲ್ಲಿ ನೋಡಿದರೂ ಕಲ್ಲೇ. ಹಳೆಯ ಮನೆಗಳ ಚಾವಣಿಗೆ ಚಪ್ಪಡಿ, ಶ್ರೀನಿವಾಸಪುರದ ಕಡೆ ತೋಟದ ಬೇಲಿಗೂ ಕಲ್ಲುಕಂಬ.

ಈ ಚಪ್ಪಡಿ ಎಬ್ಬಿಸುವ ಹಳೆಯ ವಿದ್ಯೆ ಎಂಥದ್ದೆಂಬುದಕ್ಕೆ ಒಳ್ಳೆಯ ಸಾಕ್ಷಿಯಿದೆ. ಬೆಂಗಳೂರು ಸೀಮೆಯ ಕಲ್ಲುಕುಟಿಗರ ಕೆಲಸ ನೋಡಿದ ಎಚ್. ವಾರ್ತ್ ಎಂಬವರು 1895ರಲ್ಲಿ ‘ನೇಚರ್’ ಪತ್ರಿಕೆಗೆ ಅದನ್ನು ಬರೆದು ಕಳಿಸಿದರು. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹಚ್ಚಿ, ಅದನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತ ಹೋಗುವುದು. ಕಾದ ಮೇಲ್ಪದರ ಹಿಗ್ಗಿ ತಾನಾಗಿ ಬೇರ್ಪಡುತ್ತದೆ. ಎಲ್ಲಿಯವರೆಗೆ ಬಿಟ್ಟಿದೆ ಎಂದು ಸುತ್ತಿಗೆಯಿಂದ ಬಡಿದು ಸದ್ದಿನಲ್ಲೇ ತಿಳಿಯುತ್ತಿದ್ದರು. ಎಂಟು ಗಂಟೆಯ ಬೆಂಕಿಗೆ 740 ಚದರಡಿಯ ಒಂದೇ ಹಾಸು ಬಿರುಕಿಲ್ಲದೆ ಎದ್ದಿತ್ತು!

ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಆ ಕಿವಿ ಇನ್ನೂ ಕೆಲಸ ಮಾಡುತ್ತಿದೆ. ತಲೆಮಾರುಗಳಿಂದ ವಿಶ್ವಕರ್ಮ ಕುಟುಂಬಗಳು ವಿಗ್ರಹ ಕೆತ್ತುತ್ತ ಬಂದಿರುವ ಊರಿದು. ಕಲ್ಲನ್ನು ಮೊದಲು ತಟ್ಟಿ ನೋಡುತ್ತಾರೆ. ಗಂಟೆಯಂತೆ ಕಣಕಣ ಎಂದರೆ ಸರಿ, ಸದ್ದು ಮಂಕಾದರೆ ಒಳಗೆಲ್ಲೋ ಸೀಳಿದೆ ಎಂದರ್ಥ. ಆಮೇಲೆ ದಾರ ಹಿಡಿದು ನಡುಗೆರೆ ಎಳೆದು, ತಾಳಮಾನದ ಅಳತೆ ಗುರುತಿಸುತ್ತಾರೆ. ನವತಾಳ ಎಂದರೆ ಮುಖದ ಉದ್ದದ ಒಂಬತ್ತರಷ್ಟು ಎತ್ತರ. ಮೂರ್ತಿ ಮುಗಿಲೆತ್ತರದ್ದಾದರೆ ಈ ಲೆಕ್ಕವೊಂದೇ ಸಾಲದು. ಕೆಳಗೆ ನಿಂತು ನೋಡುವವರಿಗೆ ತಲೆ ಕುಗ್ಗಿದಂತೆ ಕಾಣುತ್ತದೆ, ಅದನ್ನೂ ಅಂದಾಜು ಮಾಡಬೇಕು. ಮಲಗಿಸಿ ಕೆತ್ತುವಾಗ ಇದು ಇನ್ನೂ ಕಷ್ಟ.

ಕೃಷ್ಣಶಿಲೆಯಾದರೆ ಉಳಿಗೆ ಬಗ್ಗುತ್ತದೆ. 2024ರಲ್ಲಿ ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ, ಮೈಸೂರಿನ ಅರುಣ್ ಯೋಗಿರಾಜ್ ಕೆತ್ತಿದ 51 ಇಂಚಿನ ಬಾಲರಾಮ ಎಚ್.ಡಿ. ಕೋಟೆ ಕಡೆಯ ಅಂಥ ಕಲ್ಲಿನದು. ಗ್ರಾನೈಟ್ ಹಾಗಲ್ಲ. ಹಿಂದೆ ಮೊಂಡಾದ ಉಳಿಗಳನ್ನು ಕುಲುಮೆಗೆ ಹಾಕಿ ಹದ ಮಾಡುವುದೇ ಒಂದು ದೊಡ್ಡ ಕೆಲಸವಾಗಿತ್ತು. ಈಗ ವಜ್ರದ ಅಂಚಿನ ಕಟರ್ ಬಂದಿದೆ. ತಿಂಗಳುಗಳ ಕೆಲಸ ವಾರಗಳಿಗಿಳಿದಿದೆ. ಜೊತೆಗೆ ದೂಳೂ ಬಂದಿದೆ. ಗ್ರಾನೈಟಿನ ನುಣ್ಣನೆ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಶ್ವಾಸಕೋಶದಲ್ಲಿ ಕೂತು ತರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. ನೀರು ಹಾಯಿಸಿ ಕೊಯ್ಯುವುದು, ಸರಿಯಾದ ಮಾಸ್ಕ್ ಹಾಕುವುದು ದುಬಾರಿ ಬಾಬತ್ತೇನಲ್ಲ. ವಿಗ್ರಹಕ್ಕೆ ಲಕ್ಷಗಟ್ಟಲೆ ಕೊಡುವವರು ಈ ಖರ್ಚನ್ನೂ ಒಪ್ಪಂದಕ್ಕೆ ಸೇರಿಸಬೇಕು.

ಆರೋಗ್ಯದಷ್ಟೇ ಮುಖ್ಯವಾದ ಇನ್ನೊಂದು ಮಾತು ಶಿಲ್ಪಿಯ ಹೆಸರಿನದು. ಮುಳಬಾಗಿಲಿಗೆ ಹತ್ತಿರದ ಕುರುಡುಮಲೆಯಲ್ಲಿ ಹದಿಮೂರೂವರೆ ಅಡಿಯ ಏಕಶಿಲಾ ಗಣಪತಿಯಿದ್ದಾನೆ. ಅಲ್ಲಿಯ ಸೋಮೇಶ್ವರ ದೇಗುಲದ ಅರ್ಧ ಭಾಗ ಜಕಣಾಚಾರಿಯದು, ಉಳಿದರ್ಧ ಮಗ ಡಂಕಣನದು ಎಂದು ಊರವರು ಹೇಳುತ್ತಾರೆ. ಕತೆ ಸೊಗಸಾಗಿದೆ. ಆದರೆ ನಿಜವಾಗಿ ಕೆತ್ತಿದವರು ಯಾರು? ಆವನಿಯ ನೊಳಂಬರ ಕಾಲದ ಗುಡಿಗಳ ಮುಂದೆಯೂ, ಕೋಲಾರಮ್ಮನ ಗುಡಿಯ ಮುಂದೆಯೂ ಇದೇ ಪ್ರಶ್ನೆ ಏಳುತ್ತದೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮೂರ್ತಿಗಳ ಬುಡದಲ್ಲಿ ತಮ್ಮ ಹೆಸರು ಕೊರೆದು ಹೋದರು. ಹಾಗಾಗಿ ನಾವಿಂದು ಅವರನ್ನು ಬಲ್ಲೆವು. ಧರ್ಮಸ್ಥಳದ 39 ಅಡಿಯ ಬಾಹುಬಲಿ ಎಂದೊಡನೆ ಅದನ್ನು ಕೆತ್ತಿದ ಕಾರ್ಕಳದ ರೆಂಜಾಳ ಗೋಪಾಲ ಶೆಣೈ ನೆನಪಾಗುತ್ತಾರೆ.

ಶಿವಾರಪಟ್ಟಣದಿಂದ ಹೊರಡುವ ಮೂರ್ತಿಗಳ ಶಿಲ್ಪಿಗಳಿಗೂ ಈ ಭಾಗ್ಯ ಸಿಗಬೇಕು. ದೇವಸ್ಥಾನ ಸಮಿತಿಗಳು ದಾನಿಗಳ ಹೆಸರಿನ ಫಲಕ ಹಾಕಿಸುವುದನ್ನು ಮರೆಯುವುದಿಲ್ಲ. ಅದೇ ಫಲಕದಲ್ಲಿ ಶಿಲ್ಪಿಯ ಹೆಸರು, ಊರು, ಇಸವಿ ಸೇರಿಸಲು ಇನ್ನೊಂದೇ ಒಂದು ಸಾಲು ಬೇಕು. ಅದನ್ನು ಕೊರೆಯಬಲ್ಲ ಕೈ ಹೇಗೂ ಅಲ್ಲೇ ಇರುತ್ತದೆ.